ಪದ್ದತ್ತೆಯ ಪ್ರಸ್ಥಾನ

ಬೆಳಗ್ಗೆ ಬೀರುವಿನ ಮೇಲಿಂದ ಕೆಂಪು ಚೀಲ ಇಳಿಸಿದೆ. ಜಿಪ್ ಎಳೆದದ್ದೇ ತಡ, ಪಚ್ಚಕರ್ಪೂರ ಘಮ್ಮೆಂದಿತು. ತಗೊಳ್ಳಿ, ಇನ್ನು ಇವತ್ತು ಆಫೀಸಿನ ಕೆಲಸ ಆದ ಹಾಗೇ! ಹೊರಗೆ ವೆಸ್ಟ್‌ಲ್ಯಾಂಡ್ಸ್‌ನ ಮಟಾಟು ವ್ಯಾನುಗಳೆಲ್ಲ ಜನ ತುಂಬಿಕೊಂಡು ಹಾರ್ನ್ ಹೊಡೆಯುತ್ತಿದ್ದರೆ ನಾನು ಚೀಲದೊಳಗೆ ಮೂಗು ತೂರಿಸಿಕೊಂಡು ಕೂತಿದ್ದೆ. ನಗಬೇಡಿ. ಕಥೆ ಕೇಳಿದರೆ ನೀವೂ ಹಾಗೇ ಕೂರುತ್ತೀರಿ.

ಇದು ನನ್ನ ಸೋದರತ್ತೆ ಪದ್ದತ್ತೆಯ ಚೀಲ. ಕೆಲವು ವರ್ಷದ ಹಿಂದೆ ಮೈಸೂರಿನಿಂದ ನಮ್ಮ ನೈರೋಬಿ ಮನೆಗೆ ಬಂದವಳಿಗೆ ಇಲ್ಲೇ ಬಲಗಣ್ಣು ಪೂರ್ತಿ ಮಂಜಾಯಿತು. ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕೊಂದರಲ್ಲಿ ಪೊರೆ ತೆಗೆಸಿದೆವು. ಆಪರೇಷನ್ನಿಗೆ ಮೊದಲು ಅತ್ತೆ ಗಡಗಡ ನಡುಗುತ್ತಿದ್ದಳು. ನರ್ಸ್ ಅವಳ ಕೈ ಹಿಡಿದು, "ಹೆದರಬೇಡ ಮಾಮಾ, ಕಣ್ಣು ಕಾಯೋಕೆ ಸೇಂಟ್ ಲೂಸಿ ಇದ್ದಾಳೆ" ಅಂದಳು (ಇಲ್ಲಿ ಮಾಮಾ ಅಂದರೆ ಅಮ್ಮ). ಅತ್ತೆ ಅಲ್ಲೇ ಹರಕೆ ಹೊತ್ತಳು: "ಕಣ್ಣು ಬಂದರೆ, ತಾಯಿ, ನಿನ್ನ ಹಬ್ಬದ ದಿನ ನಿನ್ನೂರಿಗೇ ಬಂದು ಬೆಳ್ಳಿ ಕಣ್ಣು ಒಪ್ಪಿಸ್ತೀನಿ." ನಮ್ಮ ಕಡೆ ಅಮ್ಮನವರಿಗೆ ಒಪ್ಪಿಸುತ್ತಾರಲ್ಲ, ತೆಳು ತಗಡಿನ ಜೋಡಿ ಕಣ್ಣು, ಅದೇ. ಆ ತಾಯಿ ಯಾವೂರವಳು ಅಂತ ಕೇಳುವ ಗೋಜಿಗೂ ಹೋಗಿರಲಿಲ್ಲ! ಕಣ್ಣು ಬಂತು.

ಆ ಹೊತ್ತಿಗೆ ನಾನು ಇಟಲಿ ಪ್ರವಾಸದ ಯೋಜನೆ ಹಾಕುತ್ತಿದ್ದೆ. ಔಷಧಿ ಕಾರ್ಖಾನೆಯಲ್ಲಿ ಪ್ಲಾನಿಂಗ್ ಮ್ಯಾನೇಜರು ನೋಡಿ, ಜಂಬ ಸ್ವಲ್ಪ ಜಾಸ್ತಿ. ಇಟಲಿಯಲ್ಲಿ ಊರಿಗೊಬ್ಬ ಸಂತ, ಸಂತನಿಗೊಂದು ರಜೆ. ಮಿಲಾನಿನದು ಡಿಸೆಂಬರಿನಲ್ಲಿ, ಫ್ಲಾರೆನ್ಸಿನದು ಜೂನಿನಲ್ಲಿ, ನೇಪಲ್ಸಿನದು ಸೆಪ್ಟೆಂಬರಿನಲ್ಲಿ. ಅವತ್ತು ಅಂಗಡಿ ಬಂದ್, ಬಸ್ಸು ಬೇರೆ ದಾರಿ. ಆ ದಿನಗಳಿಗೆಲ್ಲ ಎಕ್ಸೆಲ್ಲಿನಲ್ಲಿ ಕೆಂಪು ಬಳಿದು, ಅವುಗಳಿಂದ ಮಾರು ದೂರ ಇರುವ ಹಾಗೆ ಟಿಕೆಟ್ ಹುಡುಕುತ್ತಿದ್ದೆ.

ಅತ್ತೆ ಹೊಸ ಕಣ್ಣಲ್ಲಿ ಸ್ಕ್ರೀನ್ ನೋಡಿದಳು. "ಅಯ್ಯೋ ಮಂಕೇ, ಊರ ದೇವರು ಬೀದಿಗೆ ಬರೋ ದಿನ ಬಿಟ್ಟು ಉಳಿದ ದಿನ ಊರಲ್ಲಿ ಏನಿರತ್ತೋ, ಗೋಡೆ? ಕೆಂಪು ಬಳಿದಿರೋ ದಿನಾನೇ ಹೋಗೋಣ!"

ಲೂಸಿಯ ಊರು ಸಿಸಿಲಿಯ ಸಿರಾಕೂಸಾ, ಹಬ್ಬ ಡಿಸೆಂಬರ್ ಹದಿಮೂರು ಅಂತ ಗೊತ್ತಾಯಿತು. ಹನ್ನೆರಡರ ಮಧ್ಯಾಹ್ನದ ವಿಮಾನ ಸಿಕ್ಕಿತು. ಆದರೆ ಅವತ್ತು ಮಂಗಳವಾರ, ಉತ್ತರಕ್ಕೆ ಶೂಲೆ, ಆ ದಿಕ್ಕಿಗೆ ಹೊರಡುವಂತಿಲ್ಲ! ಅದಕ್ಕೂ ಅತ್ತೆಯ ಬಳಿ ಮದ್ದಿತ್ತು. ಒಳ್ಳೆಯ ದಿನ ನೋಡಿ ನಮ್ಮ ಚೀಲವೊಂದನ್ನು ಬೇರೆಯವರ ಮನೆಯಲ್ಲಿಟ್ಟರೆ ಅವತ್ತೇ ಹೊರಟಂತೆ ಲೆಕ್ಕ. ಅದೇ ಪ್ರಸ್ಥಾನ. ಚೀಲ ಮತ್ತೆ ಮನೆಗೆ ತರುವಂತಿಲ್ಲ, ಹೊರಡುವಾಗ ದಾರಿಯಲ್ಲೇ ಎತ್ತಿಕೊಳ್ಳಬೇಕು. ಭಾನುವಾರ ಅವಳ ಸೀರೆ, ಒಂದು ಹಿಡಿ ಅಕ್ಕಿ, ಬೆಳ್ಳಿ ಕಣ್ಣು ತುಂಬಿಕೊಂಡು ಕೆಂಪು ಚೀಲ ಇಲ್ಲೇ ನ್ಗಾರಾ ಬಡಾವಣೆಯ ಪಾತ್ರೆ ಅಂಗಡಿಯ ಹಂಸಾಬೆನ್ ಮನೆಗೆ ಹೋಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮಂಗಳವಾರ ವಿಮಾನಕ್ಕೆ ಹೊರಟು ನ್ಗಾರಾದಲ್ಲಿ ಕಾರು ನಿಲ್ಲಿಸಿದರೆ ಹಂಸಾಬೆನ್ ಮನೆಗೆ ಇಷ್ಟು ದಪ್ಪ ಬೀಗ. ಫೋನ್ ಮಾಡಿದೆ. ಬೀಗದ ಒಳಗಡೆಯೇ ರಿಂಗಾಯಿತು! ಕಾವಲುಗಾರ ಹಲ್ಲು ಕಿರಿದ: "ನೈವಾಶಾಗೆ ಪಿಕ್ನಿಕ್ ಹೋದ್ರು ಬಾಸ್. ಇವತ್ತು ಜಮ್ಹುರಿ ಅಲ್ವಾ?"

ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ಯು ಫರ್ಗಾಟ್ ಅವರ್ ಓನ್ ಹಾಲಿಡೇ!" ಅಂತ ಕಿರುಚಿದಳು. ಇಟಲಿಯ ಸಂತರನ್ನೆಲ್ಲ ಎಕ್ಸೆಲ್ಲಿಗೆ ಇಳಿಸಿದ ಈ ಮಹಾನುಭಾವ, ಅನ್ನ ಹಾಕುವ ದೇಶದ ಗಣರಾಜ್ಯ ದಿನವನ್ನೇ ಮರೆತಿದ್ದ.

"ಹರಕೆ ತಪ್ಪಿತಲ್ಲೋ" ಅಂದಳು ಅತ್ತೆ. ಈ ಸಲ ನನಗೆ ನಗು ಬರಲಿಲ್ಲ. ಪ್ರಯಾಣ ಮುಂದೆ ಹಾಕೋಣವೇ ಅಂದೆ. ಅವಳು ಬೀಗವನ್ನು ದಿಟ್ಟಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಡಿಯೋ. ನಾವು ಕೊಡೋ ಕಣ್ಣು ಇಲ್ಲದಿದ್ರೆ ಏನಾಯ್ತು, ಅವಳು ಕೊಟ್ಟ ಕಣ್ಣಿದೆಯಲ್ಲ. ಅದನ್ನೇ ತೋರಿಸಿ ಬರ್ತೀನಿ."

ಆಹಾ, ಆ ಸಿರಾಕೂಸಾ! ಇಡೀ ಊರು ಬೀದಿಯಲ್ಲಿ. ಹಸಿರು ಟೋಪಿಯ ಗಂಡಸರ ಹೆಗಲ ಮೇಲೆ ಬೆಳ್ಳಿಯ ಲೂಚಿಯಾ (ಅಲ್ಲಿನವರ ಬಾಯಲ್ಲಿ ಲೂಸಿ ಹಾಗೆ). "ನಮ್ಮೂರವಳು!" ಅಂತ ಅವರ ಭಾಷೆಯಲ್ಲಿ ಜನ ಕೂಗುತ್ತಿದ್ದರೆ ನನ್ನ ಮೈ ಜುಮ್ಮೆಂದಿತು. ಎಷ್ಟೋ ಹೆಂಗಸರು ಬರಿಗಾಲಲ್ಲಿ ಮೇಣದ ಬತ್ತಿ ಹಿಡಿದು ಹಿಂದೆ ನಡೆಯುತ್ತಿದ್ದರು. ಅತ್ತೆ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಕಳಚಿ ನನ್ನ ಕೈಗಿತ್ತು ಅವರ ಸಾಲಿಗೆ ಸೇರಿಕೊಂಡುಬಿಟ್ಟಳು. ಪಲ್ಲಕ್ಕಿ ಹತ್ತಿರ ಬಂದಾಗ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅಗಲವಾಗಿ ತೆರೆದು ಮುಖವೆತ್ತಿ ನಿಂತಳು. ಮಗಳು, ನಾನು, ಇಬ್ಬರೂ ಅತ್ತುಬಿಟ್ಟೆವು. ಆಮೇಲೆ ಯಾರೋ ಬೇಯಿಸಿದ ಗೋಧಿಯ ಸಿಹಿ ಕೊಟ್ಟರು. "ಹುಗ್ಗಿ ಕಣೋ, ತುಪ್ಪ ಮರೆತಿದಾರೆ" ಅಂದಳು.

ವಾಪಸು ಬರುವಾಗ ಅವಳಿಗೆ ಹೊಳೆಯಿತು: "ಒಂದೇ ಕಣ್ಣು ಬಂದಿರೋವಾಗ ಜೋಡಿ ಕೊಡೋಕೆ ಹೊರಟಿದ್ದೆ ನೋಡು. ಎರಡನೇದು ಬರಲಿ ಅಂತ ಅವಳೇ ಬೀಗ ಹಾಕಿಸಿದಾಳೆ."

ಮೊನ್ನೆ ಅತ್ತೆ ಮತ್ತೆ ನೈರೋಬಿಗೆ ಬಂದಿಳಿದಿದ್ದಾಳೆ, ಮೈಸೂರಿನಲ್ಲಿ ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡು. ಹಬ್ಬ ಹತ್ತಿರ ಬಂತು, ಮತ್ತೆ ಹನ್ನೆರಡಕ್ಕೇ ಟಿಕೆಟ್ ಆಗಿದೆ. "ಈ ಸಲ ಶೂಲೆ ಗೀಲೆ ಇಲ್ಲ, ಪ್ರಸ್ಥಾನ ಬೇಡ" ಅಂತ ಅವಳೇ ಹೇಳಿದ್ದಾಳೆ. ಆದರೂ ಆಮೇಲೆ ಹಂಸಾಬೆನ್ ಮನೆಯಿಂದ ವಾಪಸು ತಂದಿಟ್ಟಿದ್ದ ಚೀಲ ಇಳಿಸಿದ್ದೇನೆ, ನೋಡಿ. ಹಂಸಾಬೆನ್‌ಗೆ ಫೋನ್ ಮಾಡಿ, ಜಮ್ಹುರಿ ದಿನ ಮನೆ ಬಿಟ್ಟು ಅಲುಗಬೇಡಿ ಅಂತ ಗೋಗರೆದದ್ದಾಯಿತು. ಬೆಳ್ಳಿ ಕಣ್ಣು ಮಾತ್ರ ನನ್ನ ಜೇಬಿನಲ್ಲೇ ಇರುತ್ತದೆ, ಅದರಲ್ಲಿ ರಾಜಿ ಇಲ್ಲ. ಚೀಲಕ್ಕೆ ಅತ್ತೆಯ ಸೀರೆ ಹಾಕಿದೆ, ಒಂದು ಹಿಡಿ ಅಕ್ಕಿ ಹಾಕಿದೆ. ಆಚೆ ಈಚೆ ನೋಡಿ, ಯಾರಿಗೂ ಹೇಳಬೇಡಿ, ನನ್ನದೂ ಒಂದು ಅಂಗಿ ಮಡಿಸಿ ಸೀರೆಯ ಕೆಳಗಿಟ್ಟೆ.