ಪುಣಜನೂರಿನ ಬೆಂಚಿನಿಂದ ಬಂದ ಫೋನು

ಮೊನ್ನೆ ಮಂಗಳವಾರ, ಸಂಜೆ ನಾಲ್ಕು ಗಂಟೆ. ಸ್ಥಳ: ಚಾಮರಾಜನಗರದ ನನ್ನ ಪುಟ್ಟ ಕ್ಲಿನಿಕ್ಕು. ಹಾಜರಿದ್ದವರು: ನಾನು, ಕಾಂಪೌಂಡರ್ ನಾಗರಾಜು, ಟೆಲಿಫೋನು.

ಫೋನನ್ನೂ ಹಾಜರಿಗೆ ಸೇರಿಸಿದ್ದೇಕೆ ಎಂದಿರಾ? ನಾಲ್ಕರಿಂದ ಐದು ಅದರದೇ ಗಂಟೆ. ಸರ್ಕಾರಿ ಕೆಲಸದಿಂದ ನಿವೃತ್ತಳಾದ ಮೇಲೂ ಹಳೆಯ ರೋಗಿಗಳು ಫೋನಿನಲ್ಲಿ ಸಲಹೆ ಕೇಳುತ್ತಾರೆ. ಮೂರು ಐವತ್ತೆಂಟಕ್ಕೆ ರಿಂಗಾದರೆ ಎತ್ತುವುದಿಲ್ಲ. (ನಾಗರಾಜು ಕೈ ಚಾಚುತ್ತಾನೆ. ನಾನು ಗಡಿಯಾರ ತೋರಿಸುತ್ತೇನೆ.)

ನಾಲ್ಕು ಹೊಡೆಯಿತು. ಫೋನೂ ರಿಂಗಾಯಿತು.

"ಡಾಕ್ಟ್ರಮ್ಮಾ, ನಾನು ದೇವಮ್ಮಣ್ಣಿ. ಈಗ... ಕರ್ನಾಟಕದಲ್ಲೇ... ಕುಂತಿವ್ನಿ. ಇನ್ನು ಮಾತ್ರೆ ಯೇಳಿ."

ದೇವಮ್ಮಣ್ಣಿ ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಾನು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿ ಡಾಕ್ಟರಾಗಿದ್ದಷ್ಟು ವರ್ಷವೂ ಆಕೆ ಅಲ್ಲಿ ಆಯಾ. ನನಗಿಂತ ಎರಡು ವರ್ಷ ದೊಡ್ಡವಳು. ನಾನು ಮಾಡಿದ ನಿಯಮ ನನಗೇ ಮರೆತರೂ ಆಕೆಗೆ ಮರೆಯುತ್ತಿರಲಿಲ್ಲ. ಒಮ್ಮೆ ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಹೆರಿಗೆ ಕೋಣೆಗೆ ನುಗ್ಗಿದೆ. ಬಾಗಿಲಿಗೆ ಅಡ್ಡ ನಿಂತಳು.

"ಬುಡಿ ಆಚೆ."

"ದೇವಮ್ಮಣ್ಣಿ, ಅರ್ಜೆಂಟು!"

"ನೀವೇ ಬರಸಿದ್ ಬೋರ್ಡು ಕಣಮ್ಮ. ನಾನೇನು ಓದಕ್ಕೆ ಬರದೋಳಾ?"

ಬಿಟ್ಟೆ. ಬಿಡದೆ ಉಪಾಯವೇನಿತ್ತು?

ನಿವೃತ್ತಿಯಾದ ಮೇಲೆ ಆಕೆ ತಂಗಿಯ ಮನೆ ಸೇರಿಕೊಂಡಳು. ಆ ಊರು ಹಾಸನೂರು. ಇಲ್ಲಿಂದ ಸತ್ಯಮಂಗಲದ ರಸ್ತೆ ಹಿಡಿದು, ಪುಣಜನೂರು ದಾಟಿ, ಕಾಡೊಳಗೆ ಸ್ವಲ್ಪ ದೂರ. ಮಾತು ಕನ್ನಡವೇ. ರಾಜ್ಯ ಮಾತ್ರ ತಮಿಳುನಾಡು. ಆಕೆಯನ್ನು ನೋಡಿ ಎರಡು ವರ್ಷವಾಗಿತ್ತು. ಅಂದಿನಿಂದ ನನ್ನನ್ನು ಗದರುವವರಿಲ್ಲ. ನಾಗರಾಜು ಎಲ್ಲದಕ್ಕೂ "ಆಯ್ತು ಮೇಡಂ" ಎನ್ನುತ್ತಾನೆ. ದಿನಕ್ಕೆ ಹತ್ತು ಸಲ "ಆಯ್ತು ಮೇಡಂ" ಕೇಳಿಸಿಕೊಂಡು ನೋಡಿ, "ಬುಡಿ ಆಚೆ" ಎಷ್ಟು ಸಿಹಿ ಎಂದು ತಿಳಿಯುತ್ತದೆ.

ಎರಡು ವಾರದ ಹಿಂದೆ ಆಕೆ ಹಾಸನೂರಿನಿಂದ ಫೋನ್ ಮಾಡಿದ್ದಳು. ಕಾಲು ಊದಿಕೊಂಡಿದೆ, ಮಾತ್ರೆ ಹೇಳಿ ಎಂದು. ನಾನು ಹೇಳಲಿಲ್ಲ.

ಏಕೆ? ಡಾಕ್ಟರುಗಳ ಒಂದು ಸಭೆಗೆ ಹೋಗಿದ್ದೆ. ಈಗ ಟೀವಿ ಪರದೆಯ ಮುಂದೆ ರೋಗಿಯನ್ನು ಕೂರಿಸಿ ಬೆಂಗಳೂರಿನ ಹೃದಯತಜ್ಞರಿಗೆ ತೋರಿಸುವ ಕಾಲ ಬಂದಿದೆಯಲ್ಲ, ಅದರದೇ ಚರ್ಚೆ. ನಾನು ಎದ್ದು ಕೇಳಿದೆ: ರೋಗಿ ಬೇರೆ ರಾಜ್ಯದಲ್ಲಿ ಕೂತಿದ್ದರೆ? ನನ್ನ ರಿಜಿಸ್ಟ್ರೇಷನ್ ಕರ್ನಾಟಕದ್ದು, ಅದು ಅಲ್ಲಿಗೆ ನಡೆಯುತ್ತದೆಯೇ? ಒಬ್ಬರು ನಡೆಯುತ್ತದೆ ಎಂದರು. ಇನ್ನೊಬ್ಬರು, ರೋಗಿ ಎಲ್ಲಿದ್ದಾನೋ ಅಲ್ಲಿನ ಲೈಸೆನ್ಸೇ ಬೇಕು ಎಂದರು. ಮೂರನೆಯವರು ಕಾಫಿ ಬಂತು ಎಂದರು. ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಬಿಗಿಯಾದ ದಾರಿ ಹಿಡಿಯುವುದು ನನ್ನ ಅಭ್ಯಾಸ.

ಹಾಗಾಗಿ ದೇವಮ್ಮಣ್ಣಿಗೆ ಹೇಳಿದ್ದೆ: "ನೀನು ತಮಿಳುನಾಡಲ್ಲಿ ಕೂತು ಕೇಳಿದರೆ ನಾನು ಮಾತ್ರೆ ಹೇಳುವ ಹಾಗಿಲ್ಲ. ಅಲ್ಲೇ ಡಾಕ್ಟರಿಗೆ ತೋರಿಸು."

ಬೇರೆ ಯಾರೇ ಆಗಿದ್ದರೂ ಬೈದುಕೊಂಡು ಸುಮ್ಮನಾಗುತ್ತಿದ್ದರು. ಈಕೆ ನನ್ನ ಕೈಕೆಳಗೆ ಪಳಗಿದವಳು. ಬಸ್ಸು ಹತ್ತಿ, ಗಡಿ ದಾಟಿ, ಪುಣಜನೂರಿನಲ್ಲಿ ಇಳಿದು, ಟೀ ಅಂಗಡಿಯ ಕಾಯಿನ್ ಫೋನಿನ ಪಕ್ಕ ಕೂತಿದ್ದಳು.

"ಅಲ್ಲಿನ ಡಾಕ್ಟರಿಗೆ ತೋರಿಸಿದೆಯಾ?"

"ತೋರಿಸ್ದೆ. ಒಳ್ಳೇರು... ಪಾಪ. ಅವ್ರ್ ತಮಿಳು ನಂಗ್ ಬರದು, ನನ್ ಮಾತು ಅವ್ರ್ಗೆ ಬರದು. ನಗ್ತಾ ಚೀಟಿ ಬರದ್ರು. ಎಲ್ಡ್ ದಿನ ನುಂಗ್ದೆ, ತಲೆ ಸುತ್ತು ಬಂತು... ಬುಟ್ಬುಟ್ಟೆ."

ಮಾತಿನ ನಡುವೆ ಉಸಿರು ತುಂಡಾಗುತ್ತಿತ್ತು. ಒಂದೇ ಉಸಿರಿಗೆ ಎಣಿಸು ಎಂದೆ. ಏಳಕ್ಕೆ ನಿಂತಳು. ಕಾಲಿಗೆ ಬೆರಳು ಒತ್ತಿ ನೋಡು ಎಂದೆ.

"ಒತ್ತಿ ನೋಡೇ ಬಂದಿವ್ನಿ. ಹಳ್ಳ ಬೀಳ್ತದೆ."

"ಎಷ್ಟು ಹೊತ್ತಾಯಿತು ಅಲ್ಲಿಗೆ ಬಂದು?"

"ಎಲ್ಡ್ ಗಂಟೆ ಬಸ್ಸು ಇಳಿಸ್ಬುಟ್ ಓಯ್ತು."

"ಎರಡು ಗಂಟೆಗೇ ಬಂದವಳು ಆಗಲೇ ಫೋನ್ ಮಾಡಬಾರದಿತ್ತೇ?"

"ನಾಕಕ್ ಮುಂಚೆ ನೀವ್ ಎತ್ತಲ್ವಲ್ಲ."

ಓದುಗರೇ, ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿರುವ ಹೆಂಗಸು ನನ್ನ ಗಡಿಯಾರಕ್ಕಾಗಿ ಎರಡು ಗಂಟೆ ಬೆಂಚಿನ ಮೇಲೆ ಕಾದಿದ್ದಳು.

"ಅಂಗಡಿಯವರಿಗೆ ಫೋನ್ ಕೊಡು" ಎಂದೆ. ಗೋಡೆಗೆ ಒರಗಿಸಿ ಕೂರಿಸಿ, ಮಲಗಲು ಬಿಡಬೇಡಿ, ಬಸ್ಸಿಗೆ ಹತ್ತಿಸಬೇಡಿ, ನಾನೇ ಬರುತ್ತಿದ್ದೇನೆ ಎಂದು ಅವರಿಗೆ ಹೇಳಿದೆ. ನಾಗರಾಜು ಗಡಿಯಾರ ನೋಡಿದ. "ಮೇಡಂ, ಐದರವರೆಗೂ ಫೋನ್ ಟೈಮು..."

"ಬಾಗಿಲು ಹಾಕು."

"ಆಯ್ತು ಮೇಡಂ."

ಸ್ಟ್ಯಾಂಡಿನಲ್ಲಿದ್ದ ಬಾಡಿಗೆ ಕಾರು ಹತ್ತಿದೆವು. ದಾರಿಯುದ್ದಕ್ಕೂ ಡ್ರೈವರಿಗೆ ಬೇಗ ಬೇಗ ಎಂದೆ. (ನಿಧಾನವಾಗಿ ಓಡಿಸಿ ಎಂದು ಎಲ್ಲರಿಗೂ ಉಪದೇಶಿಸುವವಳು ನಾನೇ.) ಟೀ ಅಂಗಡಿಯ ಬೆಂಚಿನಲ್ಲಿ ದೇವಮ್ಮಣ್ಣಿ ನೆಟ್ಟಗೆ ಕೂತಿದ್ದಳು. ತುಟಿ ನೀಲಿ. ಮುಖ ಸಣ್ಣದಾಗಿತ್ತು, ಕಾಲು ದಪ್ಪಗಾಗಿತ್ತು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟೆ. ಕೆಳಗಿನಿಂದ ಅರ್ಧ ಬೆನ್ನಿನವರೆಗೂ ಗುಳುಗುಳು. ಅಲ್ಲೇ ನೀರಿಳಿಸುವ ಇಂಜೆಕ್ಷನ್ ಕೊಟ್ಟೆ.

"ಮಾತ್ರೆ ಯೇಳಿದ್ರೆ ಸಾಕಾಗಿತ್ತು. ನೀವ್ಯಾಕ್ ಬಂದ್ರಿ?"

"ಸುಮ್ಮನಿರು. ಮಾತಾಡಬೇಡ."

"ಎಲ್ಡ್ ವರ್ಸ ಆಯ್ತು ಎದ್ರುಗ್ ಕುಂತ್ ಮಾತಾಡಿ. ಆಡ್ತೀನಿ ಬುಡಿ."

ಕಾರಿನಲ್ಲಿ ನನ್ನ ಭುಜಕ್ಕೆ ಒರಗಿದಳು. ಮಾತಾಡುತ್ತಲೇ ಇದ್ದಳು. ನನ್ನ ಸೀರೆ ಸುಕ್ಕಾಗಿದೆ, ನಾಗರಾಜು ಬೊಜ್ಜು ಬೆಳೆಸಿದ್ದಾನೆ, ಕೂದಲಿಗೆ ಎಣ್ಣೆ ಇಡುವುದಿಲ್ಲವೇ, ಒಬ್ಬಳೇ ಊಟ ಮಾಡುತ್ತೀರಾ. ಸುಮ್ಮನಿರಿಸುವುದು ವೈದ್ಯೆಯಾಗಿ ನನ್ನ ಕರ್ತವ್ಯವಾಗಿತ್ತು. ಸುಮ್ಮನಿರಿಸಲಿಲ್ಲ. ಎಷ್ಟು ದಿನದ ಹಸಿವು ಅದು, ನನಗೇ ತಿಳಿದಿರಲಿಲ್ಲ.

ಆರು ಗಂಟೆಗೆ ಚಾಮರಾಜನಗರದ ಆಸ್ಪತ್ರೆ ಸೇರಿದೆವು. ಆಮ್ಲಜನಕ ಕೊಟ್ಟರು. ಡ್ಯೂಟಿ ಡಾಕ್ಟರು ನೋಡಿ, "ಇನ್ನು ಭಯವಿಲ್ಲ, ಆದರೆ ಒಂದು ವಾರ ಇಲ್ಲೇ ಇರಲಿ" ಎಂದರು. ಹಾಸನೂರಿನ ತಂಗಿಗೆ ನಾಗರಾಜು ಫೋನ್ ಮಾಡಿ ತಿಳಿಸಿದ. ಉಳಿದದ್ದು ದಾಖಲಾತಿಯ ಫಾರಂ ಒಂದೇ. ಹೆಸರು ಬರೆದೆ. ವಯಸ್ಸು ಬರೆದೆ. ಕರೆತಂದವರು ರೋಗಿಗೆ ಏನಾಗಬೇಕು ಎಂಬ ಕಾಲಂ ಬಂತು. ಪೆನ್ನು ನಿಂತಿತು.

"ಡಾಕ್ಟರ್ ಅಂತ ಬರೀರಿ ಮೇಡಂ" ಎಂದ ನಾಗರಾಜು.

ಎರಡು ವಾರದ ಹಿಂದೆ ನಾನು ಅದಾಗಲು ಒಪ್ಪಿರಲಿಲ್ಲ. ಈಗ ಯಾವ ಮುಖದಿಂದ ಬರೆಯಲಿ?

"ತಂಗಿ" ಎಂದು ಬರೆದು, ಸಹಿ ಹಾಕಿ, ಫಾರಂ ಕೊಟ್ಟು ಬಂದೆ. ಇದಕ್ಕೆ ಯಾವ ರಾಜ್ಯದ ಲೈಸೆನ್ಸು ಬೇಕು, ನೀವೇ ಹೇಳಿ?