ಬಾಗಿದ ಬೇರು, ನಾಲ್ಕೂಕಾಲರ ಬಸ್ಸು

ಲವಂಗದೆಣ್ಣೆಯ ವಾಸನೆ ಮೂಗಿಗೆ ತಗುಲಿದೊಡನೆ, ಮಿತ್ರರೇ, ಕೊಳ್ಳೇಗಾಲದ ದಂತವೈದ್ಯೆಯ ಕುರ್ಚಿಯಲ್ಲಿ ಒರಗಿದ್ದ ನಾನು ಎಷ್ಟೋ ವರ್ಷಗಳ ಹಿಂದಿನ ಯಳಂದೂರಿಗೆ ಹೋಗಿಬಿಟ್ಟೆ. ಎದುರಿಗೆ ನನ್ನ ದವಡೆಯ ಎಕ್ಸ್‌ರೇ. "ಬೇರು ತುದೀಲಿ ಬಾಗಿದೆ ಸಾರ್. ರೂಟ್ ಕೆನಾಲ್‌ಗೆ ಮೊದಲು, ಬೇರಿನೊಳಗೆ ಕೆರೆಯೋ ಸಣ್ಣ ಫೈಲನ್ನ ಕೈಯಲ್ಲೇ ಬಿಟ್ಟು ದಾರಿ ನೋಡ್ಕೋತೀನಿ, ಆಮೇಲೆ ಮೆಷಿನ್," ಎಂದರು ವೈದ್ಯೆ. ಬಾಯಿ ತೆರೆದವನಿಗೆ ಉತ್ತರಿಸುವ ಅವಕಾಶವಿಲ್ಲ. ಇಪ್ಪತ್ತು ವರ್ಷ ತರಗತಿಯಲ್ಲಿ ಇತರರ ಬಾಯಿ ಮುಚ್ಚಿಸಿದವನಿಗೆ ತಕ್ಕ ಶಾಸ್ತಿ.

ಯಳಂದೂರಿನಲ್ಲಿದ್ದ ವೃದ್ಧ ದಂತವೈದ್ಯರೊಬ್ಬರ ಬಳಿ ಇಂಥ ಮೆಷಿನ್ ಇರಲಿಲ್ಲ. ಅಗರದಿಂದ ಹಲ್ಲುನೋವಿನ ಅಕ್ಕನನ್ನು ಅಲ್ಲಿಗೆ ಕರೆದೊಯ್ದಿದ್ದೆ. "ಕೀಳುಸ್ಬ್ಯಾಡ ಕಣ್ಲಾ, ಎಲೆ ಅಡ್ಕೆ ಅಗಿಯಕೆ ಈ ಕಡೀಕೆ ಇದೊಂದೇ ಇರಾದು," ಎಂಬುದೊಂದೇ ಅವಳ ಷರತ್ತು. ವೈದ್ಯರು ಸೂಜಿಯಂಥ ಉಕ್ಕಿನ ಫೈಲಿನ ತುದಿಯನ್ನು ಬೆರಳಿನಿಂದ ತುಸು ಬಾಗಿಸಿ, ಬೇರಿನೊಳಕ್ಕಿಳಿಸಿ, ಒಂದಿಷ್ಟು ಬಲಕ್ಕೆ, ಮತ್ತಿಷ್ಟು ಎಡಕ್ಕೆ ಹೊರಳಿಸಿ ಹೊರತೆಗೆಯುವರು, ತೊಳೆಯುವರು, ಅದಕ್ಕಿಂತ ಒಂದೆಳೆ ದಪ್ಪನೆಯದನ್ನು ಎತ್ತಿಕೊಳ್ಳುವರು. ಆ ಬೆರಳುಗಳ ಲಯಕ್ಕೆ ಮಧ್ಯಾಹ್ನವೇ ತೂಕಡಿಸುತ್ತಿದ್ದಂತಿತ್ತು. "ಈ ಬಾಗಿದ ಬೇರು ಬೆಟ್ಟದಿಂದ ಪಾಲಾರಿಗೆ ಇಳಿಯೋ ರಸ್ತೆ ಇದ್ದಂಗೆ ಮೇಷ್ಟ್ರೇ. ತಿರುವಲ್ಲಿ ನೆಟ್ಟಗೆ ನುಗ್ಗಿದ್ರೆ ಕಂದಕ," ಎಂದರು.

ನನಗೋ ನಾಲ್ಕೂಕಾಲರ ಬಸ್ಸಿನ ಚಿಂತೆ. ಅಕ್ಕ ಗಾಬರಿಯಾಗದಿರಲೆಂದು ಇಂಗ್ಲಿಷಿನಲ್ಲಿ ಕೇಳಿದೆ: ಬಸ್ಸಿಗೆ ಹತ್ತೇ ನಿಮಿಷವಿದೆ, ನಡುವಿನ ಒಂದೆರಡು ಫೈಲುಗಳನ್ನು ಬಿಟ್ಟು ಮುಂದಕ್ಕೆ ಹೋಗಲಾಗದೇ? ಸಂಧಿ ಬಿಡಿಸುವಾಗ ಒಂದು ಹಂತ ಹಾರಿಸಿದ ಹುಡುಗರಿಗೆ ಅಂಕ ಕೊಡದಿದ್ದ ನಾನು! ವೈದ್ಯರು ಸಂಕೋಚದ ಮನುಷ್ಯರು, ಮೇಷ್ಟರ ಮಾತನ್ನು ಮೀರಲಿಲ್ಲ. ದಪ್ಪ ಫೈಲು ಬಾಗಲಿಲ್ಲ. ತಿರುವಿನ ಗೋಡೆಯಲ್ಲಿ ಪುಟ್ಟ ಮೆಟ್ಟಿಲೊಂದನ್ನು ಕೊರೆದು ಅಲ್ಲೇ ನಿಂತಿತು. ಆಮೇಲೆ ಯಾವ ಸಣ್ಣ ಫೈಲೂ ಆ ಮೆಟ್ಟಿಲನ್ನು ದಾಟಲಿಲ್ಲ. ತುದಿಯ ಕೊಳೆ ಒಳಗೇ ಉಳಿದು ಕೆಲವೇ ವಾರಗಳಲ್ಲಿ ಕೀವು ಕಟ್ಟಿತು, ಹಲ್ಲನ್ನು ಕೀಳಿಸಬೇಕಾಯಿತು. ವೈದ್ಯರು ತಮ್ಮದೇ ಕೈತಪ್ಪೆಂದರು. ನಾನೂ ಹೌದೆಂಬಂತೆ ತಲೆಯಾಡಿಸಿದೆ. ಅಕ್ಕ ಅಂದಿನಿಂದ ಎಲೆಯಡಿಕೆಯನ್ನು ಕುಟ್ಟಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾಳೆ.

ಕೊಳ್ಳೇಗಾಲದ ಕುರ್ಚಿಯಲ್ಲಿ, ಮೆಷಿನ್ನಿನ ಮಂದ್ರ ಗುನುಗಿನಲ್ಲಿ ಅರೆನಿದ್ರೆಯಿಂದಲೇ ಅಂದಿನ, ಇಂದಿನ ಎರಡು ಕ್ರಮಗಳನ್ನೂ ತೂಗಿ ನೋಡಿದೆ. ಇಂದಿನ ಫೈಲು ತಾನಾಗಿ ಬಳುಕುತ್ತದೆ, ಬಿಗಿಯಾದೊಡನೆ ಹಿಂದಕ್ಕೆ ಸುತ್ತುತ್ತದೆ, ಬೇಗನೆ ಮುಗಿಸುತ್ತದೆ. ಬೇರಿನೊಳಗಿನ ದಾರಿ ತಿಳಿಯುವುದು ಮಾತ್ರ ಬೆರಳಿಗೇ. ಈ ವೈದ್ಯೆಯೂ ಯಾವ ಅಳತೆಯನ್ನೂ ಹಾರಿಸಲಿಲ್ಲ; ನಡುನಡುವೆ ಯಂತ್ರ ನಿಲ್ಲಿಸಿ, ಸಣ್ಣ ಫೈಲನ್ನು ಕೈಯಿಂದ ಇಳಿಸಿ ನೋಡುತ್ತಲೇ ಇದ್ದರು. ಇವರನ್ನು ಅವಸರಪಡಿಸಲು, ಪುಣ್ಯಕ್ಕೆ, ನನಗೆ ಬಾಯಿರಲಿಲ್ಲ.

ಹೊರಬಂದವನೇ, ಮರಗಟ್ಟಿದ ತುಟಿಯಿಂದಲೇ ಅಕ್ಕನಿಗೆ ಫೋನ್ ಮಾಡಿ, ಇಷ್ಟು ವರ್ಷ ನುಂಗಿಕೊಂಡಿದ್ದುದನ್ನು ಹೇಳಿದೆ: ಅಂದು ವೈದ್ಯರನ್ನು ಅವಸರಪಡಿಸಿದವನು ನಾನು.

"ಗೊತ್ತು ಕಣ್ಲಾ," ಎಂದಳು. "ನೀ ಇಂಗ್ಲಿಷ್ನಲ್ಲಿ ಏಳುದ್ರೂ ಬಸ್ಸು ಅನ್ನಾದು ನಂಗೂ ತಿಳೀತದೆ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸುವಷ್ಟರಲ್ಲಿ ಅವಳೇ ಕೇಳಿದಳು:

"ನಿನ್ ಅಲ್ಲು ಉಳೀತಾ?"

"ನಾಡಿದ್ದು ಇನ್ನೊಂದ್ಸಲ ಬರೋಕೆ ಹೇಳಿದ್ದಾರೆ ಅಕ್ಕ."

"ಓಗು. ಬಸ್ಸು ಓದ್ರೆ ಇನ್ನೊಂದು ಬತ್ತದೆ."