ದೊಡ್ಡವ್ವನ ಹತ್ತು ಬೆರಳು

ಹರಳೆಣ್ಣೆ ಬೆಚ್ಚಗಾಗುವಾಗ ಒಂದು ಮಂದವಾದ ವಾಸನೆ ಏಳುತ್ತದೆ. ಬಹಳ ವರ್ಷ ನಾನು ಆ ಎಣ್ಣೆಯನ್ನು ಮನೆಗೆ ತಂದಿರಲಿಲ್ಲ. ಹೋದ ವಾರ ಮಂಡ್ಯದಲ್ಲಿ ಡಾಕ್ಟರು ಒಂದು ನೈಲಾನ್ ದಾರದ ತುದಿಯನ್ನು ನನ್ನ ಅಂಗಾಲಿಗೆ ಒತ್ತಿ, "ಗೊತ್ತಾಗ್ತಿದೆಯಾ ಮೇಡಂ?" ಎಂದು ಕೇಳಿದರು. "ಇನ್ನೂ ಒತ್ತೇ ಇಲ್ವಲ್ಲ" ಎಂದೆ. ಅವರು ಒತ್ತಿ ಆಗಿತ್ತು. ಅಂದು ಸಂಜೆ ಎಣ್ಣೆ ಕೊಂಡು ತಂದು ಬಟ್ಟಲಲ್ಲಿ ಬಿಸಿಗಿಟ್ಟೆ. ವಾಸನೆ ಎದ್ದದ್ದೇ ತಡ, ಮೂಲೆಮನೆ ದೊಡ್ಡವ್ವ ತನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದು ಕಣ್ಣಿಗೆ ಕಟ್ಟಿತು...

ನಾನು ಮಳವಳ್ಳಿಯಿಂದ ಯಲಿಯೂರಿಗೆ ಸೊಸೆಯಾಗಿ ಬಂದವಳು. ಮಂಡ್ಯದ ಶಾಲೆಯಲ್ಲಿ ಪಾಠ ಹೇಳಿ ಸಂಜೆಯ ರೈಲಿಗೆ ವಾಪಸಾಗುತ್ತಿದ್ದೆ. ದೊಡ್ಡವ್ವ ನಮಗೆ ನೆಂಟಳಲ್ಲ, ಬೀದಿಗೆಲ್ಲ ದೊಡ್ಡವ್ವ. ಸಕ್ಕರೆ ಕಾಯಿಲೆ ಬಂದು ಅವಳ ಅಂಗಾಲು ಮರಗಟ್ಟಿತ್ತು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು: ಬರಿಗಾಲಲ್ಲಿ ತಿರುಗಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ. ಮೊದಲನೆಯದನ್ನು ಅವಳು ಅರ್ಧ ಪಾಲಿಸಿದಳು. ಎರಡನೆಯದನ್ನು ಪೂಜೆಯನ್ನಾಗಿಯೇ ಮಾಡಿಕೊಂಡಳು.

ದೀಪ ಹಚ್ಚುವುದಕ್ಕೆ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಒರೆಸಿ, ಪಾದಕ್ಕೆ ಹರಳೆಣ್ಣೆ ಸವರಿಕೊಳ್ಳುವಳು. ಆಮೇಲೆ ಒಂದೊಂದು ಬೆರಳನ್ನೂ ಮಾತಾಡಿಸುವಳು. "ನೀನು ಬದು ಮೇಲೆ ಜಾರ್ದಂಗೆ ಇಡ್ಕಂಡೆ, ನಿಂಗೊಂದು ಸರಣು. ನೀನು ನೀರಿನ ಕೊಡ ಒತ್ತಾಗ ಜೊತೆಗಿದ್ದೆ, ನಿಂಗೊಂದು..." ಹೀಗೆ ಹತ್ತಕ್ಕೂ. ಸೊಂಟ ಬಗ್ಗದ ಕಾರಣ ಬೆರಳಿನ ಸಂದು, ಅಂಗಾಲು ಅವಳಿಗೆ ಕಾಣುತ್ತಿರಲಿಲ್ಲ. ತನ್ನ ಸೊಸೆಗೆ ಕಾಲು ತೋರಿಸಲು ಬಿಗುಮಾನ. ಹಾಗಾಗಿ ರೈಲಿಳಿದು ಬರುವ ನಾನೇ ಅವಳ ಕಣ್ಣು.

"ವೈದ್ಯನಾಥಪುರದ ಸಿವುಂಗೆ ಸ್ವಾಮ್ವಾರ ಕೈ ಮುಗೀತೀನಿ. ಕಾಲಿಗೆ ದಿನಾ ಮುಗೀಬೇಕು ಕಣವ್ವ. ಅಲ್ಲಿಗೆ ಓಗೋದೂ ಇದ್ರ ಮೇಲೇ ತಾನೆ?"

ಬೀದಿಯವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ಒಂದು ಸಲ ಸಣ್ಣ ಬೊಬ್ಬೆ, ಇನ್ನೊಂದು ಸಲ ಗಾಜಿನ ಚೂರು, ಎರಡೂ ಆ ಪೂಜೆಯಲ್ಲೇ ಸಿಕ್ಕಿಬಿದ್ದವು; ಎರಡೂ ವಾಸಿಯಾದವು. ಗಂಡ ಸತ್ತ ವರ್ಷ ಎದೆಯ ಮೇಲೆ ಯಾರೋ ಕೂತ ಹಾಗೆ ಆಗುತ್ತಿತ್ತಂತೆ, ಈ ಕೆಲಸ ಹಿಡಿದ ಮೇಲೆ ಇಳಿದು ಹೋಯಿತಂತೆ. "ಬಯ್ಕಂಡು ಮನೀಕಂಡ್ರೆ ನಿದ್ದೆ ಬರಾಕಿಲ್ಲ. ನಿಮ್ಮತ್ತೆ ರಾತ್ರಿಯೆಲ್ಲ ಒರಳಾಡ್ತಳಲ್ಲ, ಯಾಕಂದ್ಕಂಡಿದ್ದೀಯ?" ಎಂದು ನಮ್ಮತ್ತೆಗೆ ಕೇಳುವ ಹಾಗೇ ಹೇಳುವಳು. ಕೊನೆಗೆ ನನ್ನ ಕಡೆ ತಿರುಗಿ, "ನಿನ್ನ ಕಣ್ಣು ತಣ್ಣಗಿರ್ಲಿ ಮಗಾ" ಎನ್ನುವಳು. ಅಲ್ಲಿಗೆ ಆ ದಿನದ ಲೆಕ್ಕ ಮುಗಿಯಿತು.

ಅದು ರಾಗಿ ಕಣದ ಕಾಲ. ಕಣಕ್ಕೆ ಚಪ್ಪಲಿ ಮೆಟ್ಟಿ ಇಳಿಯುವುದುಂಟೆ? ದೊಡ್ಡವ್ವ ಡಾಕ್ಟರು ಬರೆದುಕೊಟ್ಟ ಮೆತ್ತನೆ ಚಪ್ಪಲಿಯನ್ನು ಕಣದ ಅಂಚಿನಲ್ಲಿ ಬಿಟ್ಟು, ಕೈಮುಗಿದು, ಇಡೀ ದಿನ ರಾಗಿ ಗುಡಿಸಿದ್ದಳು. ಅಂದೇ ಸಂಜೆ ನಾನು ತಂಗಿಯ ಮದುವೆಗೆ ಮಳವಳ್ಳಿಗೆ ಹೊರಟಿದ್ದೆ. ಆಟೋದವನು ಹಾರನ್ ಒತ್ತುತ್ತಿದ್ದ. ನನ್ನ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಸೀರೆಯ ಕವರು.

"ವಸಿ ನೋಡ್ಬುಟ್ಟು ಓಗವ್ವ" ಎಂದು ದೊಡ್ಡವ್ವ ಕಾಲು ಚಾಚಿದಳು.

ನಾನು ಬಗ್ಗಿದೆ. ಬಗ್ಗಿದ್ದು ನೆನಪಿದೆ. ನೋಡಿದ್ದು ನೆನಪಿಲ್ಲ, ಏಕೆಂದರೆ ನೋಡಲಿಲ್ಲ... "ಎಲ್ಲಾ ಚೆನ್ನಾಗೈತೆ ದೊಡ್ಡವ್ವ" ಎಂದೆ. ಅವಳು ಹತ್ತು ಬೆರಳಿಗೂ ಶರಣು ಹೇಳಿ, ಕಾಲುಚೀಲ ಏರಿಸಿಕೊಂಡಳು. "ನಿನ್ನ ಕಣ್ಣು ತಣ್ಣಗಿರ್ಲಿ." ಆಟೋದಲ್ಲಿ ಮಂಡ್ಯ ತಲುಪುವವರೆಗೂ ಆ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ತಿರುಗಿ ಹೋಗೋಣವೇ ಎಂದು ಒಮ್ಮೆ ಅನ್ನಿಸಿತು. ಹೋಗಲಿಲ್ಲ.

ಐದು ದಿನ ಬಿಟ್ಟು ಬಂದೆ. ಬೀದಿಯ ತುದಿಯಲ್ಲೇ ನಾಲ್ಕು ನೊಣ ನನಗಿಂತ ಮುಂದೆ ಅವಳ ಜಗಲಿಯತ್ತ ಹಾರುತ್ತಿದ್ದವು ಎಂದು ಈಗ ಅನ್ನಿಸುತ್ತದೆ. ಆಗ ಗಮನಿಸಿದೆನೋ ಇಲ್ಲವೋ. ಹರಳೆಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ದೊಡ್ಡವ್ವನ ಮೈ ಸುಡುತ್ತಿತ್ತು. ಅವಳ ಮುಖದಲ್ಲಿ ಮಾತ್ರ ನಗು.

"ಬಂದ್ಯಾ? ಕಾಲು ಕಾಯ್ತಾ ಕುಂತೈತೆ ನೋಡು, ನಿನ್ನನ್ನೇ."

"ಇಷ್ಟು ದಿನ ಯಾರು ನೋಡಿದ್ರು ದೊಡ್ಡವ್ವ?"

"ನೋಡೋದೇನು? ನೀನು ಚೆನ್ನಾಗೈತೆ ಅಂದ್ಮೇಲೆ ನಾನ್ಯಾಕೆ ಬಿಚ್ಲಿ? ಮೇಲಿಂದ್ಲೇ ಸರಣು ಏಳ್ಕಂಡೆ."

ಕಾಲುಚೀಲ ಅಂಟಿಕೊಂಡಿತ್ತು. ಕಿರುಬೆರಳ ಬುಡದಲ್ಲಿ ಒಂದು ಜಾಲಿಮುಳ್ಳು, ಅದರ ಸುತ್ತ ರಾಗಿಯ ಹೊಟ್ಟು... ಬೆರಳು ಕಪ್ಪಾಗಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಮೊದಲು ಬೆರಳು ಹೋಯಿತು. ಆಮೇಲೆ ಪಾದ. ಎಷ್ಟು ದಿನದ ಗಾಯ ಎಂದು ಡಾಕ್ಟರು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಹೇಳಿದಳು, "ಈ ಕೂಸು ಊರಿಗೆ ಓಗೋವಾಗ ನೋಡಿತ್ತು ಕಣಪ್ಪ, ಆಗ ಇರ್ನಿಲ್ಲ. ಆಮ್ಯಾಲೆ ಆಗಿರಬೇಕು." ಡಾಕ್ಟರು ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಕೊನೆಯ ಸಂಜೆ ಅವಳು ಇಲ್ಲದ ಕಾಲಿನ ಜಾಗದಲ್ಲಿ ಹೊದಿಕೆಯ ಮೇಲೆ ಕೈಯಾಡಿಸಿ, "ಇಷ್ಟು ದಿನ ನನ್ನ ಒತ್ಕಂಡು ತಿರುಗ್ತಲ್ಲ, ಓಗ್ಲಿ ಬುಡು, ಅದ್ಕೂ ಸುಸ್ತಾಗಿತ್ತು" ಎಂದಳು. ಉಳಿದ ಐದು ಬೆರಳಿಗೆ ಶರಣು ಹೇಳಿದಳು. ಅಂದು ನಾನು ನೋಡಿರಲಿಲ್ಲ ಎಂದು ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ನನ್ನ ರೆಪ್ಪೆಯ ಮೇಲೆ ಬೆರಳಿಟ್ಟು ಅದೇ ಮಾತು ಹೇಳಿದಳು. ಬೆಳಗಾಗುವುದರೊಳಗೆ ಅವಳು ಇರಲಿಲ್ಲ. ನನ್ನ ಮಾತು ನನ್ನಲ್ಲೇ ಉಳಿಯಿತು.

ಈಗ ನಾನು ದಿನಾ ಸಂಜೆ ಕಾಲು ತೊಳೆಯುತ್ತೇನೆ. ಎಣ್ಣೆ ಸವರಿ ಬೆರಳುಗಳಿಗೆ ಶರಣು ಹೇಳಲು ನೋಡುತ್ತೇನೆ. ಕಿರುಬೆರಳ ಹತ್ತಿರ ಬಂದಾಗ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನನ್ನ ಸೊಂಟವೂ ಬಗ್ಗುವುದಿಲ್ಲ. ನಿನ್ನೆ ಸೊಸೆಯನ್ನು ಕರೆದು ಅಂಗಾಲು ತೋರಿಸಿದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು, ಪಾಪ.

"ಎಲ್ಲಾ ಚೆನ್ನಾಗಿದೆ ಅತ್ತೆ" ಎಂದು ಒಳಗೆ ಓಡಿದಳು.

ಕಾಲುಚೀಲ ಏರಿಸಿಕೊಳ್ಳದೆ ಕೈಯಲ್ಲೇ ಹಿಡಿದು ಕೂತೆ.